ಬೀಗದಕೈ ಯಾರ ಸೊಂಟದಲ್ಲಿದೆ?

(ವರದಕ್ಷಿಣೆ ಮತ್ತು ಕೌಟುಂಬಿಕ ದೌರ್ಜನ್ಯದ ಪ್ರಕರಣಗಳಲ್ಲಿ ಕೆಲಸ ಮಾಡುವ ಕಾರ್ಯಕರ್ತೆಯರ ತರಬೇತಿ ಶಿಬಿರದಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)

ಈ ಶಿಬಿರದಲ್ಲಿ ನನಗೆ ಕೊಟ್ಟಿರುವ ವಿಷಯ ಅಂತರ್ಜಾಲದಲ್ಲಿ ಖಾಸಗಿತನ. ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು, ಆಸ್ಪತ್ರೆಯ ಸುಟ್ಟಗಾಯದ ವಾರ್ಡು, ಪೊಲೀಸ್ ಠಾಣೆ, ಕೋರ್ಟು ಎಂದು ಓಡಾಡುವ ನಮಗೆ ಜಾಹೀರಾತು ತಡೆಯುವ ತಂತ್ರಾಂಶದ ಮಾತು ಯಾಕೆ ಎಂದು. ಇದೆಲ್ಲ ಕಂಪ್ಯೂಟರ್ ಕಲಿತ ಹುಡುಗರ ಹವ್ಯಾಸವಲ್ಲವೇ ಎಂದು. ಕೆಲವು ವರ್ಷಗಳ ಹಿಂದೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ನಾನು ಎಂ.ಎ. ಮಾಡಿದ್ದು ರಾಜ್ಯಶಾಸ್ತ್ರದಲ್ಲಿ, ಪಾಠ ಹೇಳಿದ್ದೂ ಅದನ್ನೇ. ಕಂಪ್ಯೂಟರಿನ ಒಳಹೊರಗು ತಿಳಿದವಳಲ್ಲ. ಒಬ್ಬ ಹಳೆಯ ವಿದ್ಯಾರ್ಥಿನಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಇದನ್ನು ಕಲಿಯಬೇಕಾಯಿತು.

ಆ ಹುಡುಗಿಯ ಹೆಸರು ಹೇಳುವುದಿಲ್ಲ. ಮದುವೆಯಾಗಿ ನಾಲ್ಕು ವರ್ಷ. ಸೈಟು ಕೊಳ್ಳಲು ತವರಿನಿಂದ ಹಣ ತಾ ಎಂಬ ಪೀಡನೆ ಎರಡನೆಯ ವರ್ಷದಿಂದಲೇ ಶುರುವಾಗಿತ್ತು. ಮದುವೆಯಲ್ಲಿ ಹಾಕಿದ ಚಿನ್ನವೆಲ್ಲ ಅತ್ತೆಯ ಬೀರುವಿನಲ್ಲಿ. ಅವಳ ಕೈಯಲ್ಲಿದ್ದ ಫೋನು ಗಂಡ ಕೊಡಿಸಿದ್ದು. ಅದರಲ್ಲಿ ಗೂಗಲ್ ಖಾತೆ ತೆರೆದುಕೊಟ್ಟವನೂ ಅವನೇ. ತೆರೆದುಕೊಟ್ಟ ಎಂದೆನಲ್ಲ, ಅದು ಅವನದೇ ಖಾತೆ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಮೈಸೂರಿನಲ್ಲಿ ಲೇಡೀಸ್ ಪಿಜಿಗೆ ಎಷ್ಟು ಬಾಡಿಗೆ, ಅತ್ತೆ ಇಟ್ಟುಕೊಂಡ ಒಡವೆ ವಾಪಸ್ ಪಡೆಯುವುದು ಹೇಗೆ ಎಂದು ಹುಡುಕಿದಳು. ಬುದ್ಧಿವಂತೆ, ಫೋನಿನಲ್ಲಿ ಉಳಿದಿದ್ದ ಪಟ್ಟಿಯನ್ನು ಅಳಿಸಿಯೇ ಮಲಗಿದಳು. ಎರಡು ದಿನ ಕಳೆದ ಮೇಲೆ ಹಾಲಿನಲ್ಲಿ ಅತ್ತೆ ಟೀವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಧಾರಾವಾಹಿ ನೋಡುತ್ತಿದ್ದಾಗ ನಡುವೆ ಬಂದ ಜಾಹೀರಾತು ಮೈಸೂರಿನ ಲೇಡೀಸ್ ಪಿಜಿಯದು. ಮತ್ತೊಮ್ಮೆ ಬಂತು, ಮಗದೊಮ್ಮೆ ಬಂತು. ಗಂಡನಿಗೆ ಅನುಮಾನ ಹುಟ್ಟಿತು. ತನ್ನ ಖಾತೆ ತೆರೆದು ನೋಡಿದ. ಅವಳು ಹುಡುಕಿದ್ದೆಲ್ಲ ಗಂಟೆ ನಿಮಿಷ ಸಮೇತ ಅಲ್ಲಿತ್ತು. ಆ ರಾತ್ರಿ ಏನಾಯಿತು ಎನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಯಲ್ಲಿ ಹಿಡಿದು ಕೇಳಿದಳು, "ನಾನು ಯಾರ ಹತ್ತಿರಾನೂ ಬಾಯಿ ಬಿಟ್ಟಿರಲಿಲ್ಲ ಮೇಡಂ. ಆ ಟೀವಿಗೆ ಹೇಗೆ ಗೊತ್ತಾಯ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಮಾತು ಆ ಉತ್ತರ.

ಮೊದಲಿಗೆ ಖಾಸಗಿ ಎಂಬ ಪದದ ಬಗ್ಗೆಯೇ ನಮ್ಮ ಚಳವಳಿಗಿರುವ ಸಂಶಯವನ್ನು ಹೇಳಬೇಕು. ಎಂಬತ್ತರ ದಶಕದಲ್ಲಿ ಹೊಡೆತ ತಿಂದ ಹೆಣ್ಣುಮಗಳನ್ನು ಕರೆದುಕೊಂಡು ಠಾಣೆಗೆ ಹೋದರೆ ಕೇಳುತ್ತಿದ್ದ ಮಾತು ಒಂದೇ: "ಇದು ನಿಮ್ಮ ಮನೆ ವಿಷಯ, ಮನೆಯಲ್ಲೇ ಸರಿಮಾಡಿಕೊಳ್ಳಿ." ಮನೆ ಎಂಬುದು ಖಾಸಗಿ, ಅದರೊಳಗೆ ಕಾನೂನು ಕಾಲಿಡಬಾರದು ಎಂಬ ಈ ನಂಬಿಕೆಯ ವಿರುದ್ಧವೇ ನಾವು ಹೋರಾಡಿದ್ದು. 1983ರಲ್ಲಿ ದಂಡಸಂಹಿತೆಗೆ 498ಎ ಸೇರಿದ್ದು, ಅದು ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿರುವುದು, 2005ರಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂದದ್ದು, ಇವೆಲ್ಲ ಆ ಮುಚ್ಚಿದ ಬಾಗಿಲನ್ನು ತಟ್ಟಿದ್ದರ ಫಲ. ಹಾಗಿರುವಾಗ ಇವತ್ತು ನಾವೇ ಖಾಸಗಿತನ ಬೇಕು ಎಂದರೆ ಹೇಗೆ?

ಉತ್ತರ ಇಷ್ಟೇ. ಮನೆಯ ಖಾಸಗಿತನ ಬೇರೆ, ಮನೆಯೊಳಗಿನ ಹೆಣ್ಣಿನ ಖಾಸಗಿತನ ಬೇರೆ. ಮೊದಲನೆಯದು ಯಜಮಾನನಿಗೆ ಪರದೆ. ಎರಡನೆಯದು ಅವಳಿಗೆ ಉಸಿರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಖಾಸಗಿತನದ ಹೆಸರಿನಲ್ಲಿ ಗಂಡಸಿನ ದಬ್ಬಾಳಿಕೆಯನ್ನು ಮುಚ್ಚಿಡುವ ಅಪಾಯವಿದೆ ಎಂಬ ಸ್ತ್ರೀವಾದಿಗಳ ಆಕ್ಷೇಪವನ್ನೂ ಆ ತೀರ್ಪು ಚರ್ಚಿಸಿತು. ಆ ಹಕ್ಕು ವ್ಯಕ್ತಿಯದು, ಮನೆತನದ್ದಲ್ಲ. ಈ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನದನ್ನು ನೋಡೋಣ.

ನಾವು ಫೋನಿನಲ್ಲಿ ಒಂದು ಸುದ್ದಿಯ ಪುಟ ತೆರೆಯುತ್ತೇವೆ. ನಮ್ಮ ಕಣ್ಣಿಗೆ ಬೀಳುವುದು ಒಂದು ಪುಟ, ಒಬ್ಬ ಪ್ರಕಾಶಕ. ಆದರೆ ಆ ಪುಟದೊಳಗೆ ಹತ್ತಾರು ಬೇರೆ ಕಂಪನಿಗಳ ತುಣುಕುಗಳು ಹುದುಗಿರುತ್ತವೆ. ಪುಟ ತೆರೆದೊಡನೆ ನಮ್ಮ ಫೋನು ಆ ಕಂಪನಿಗಳಿಗೂ ಕರೆ ಹೋಗಿ, ಇಂಥ ಫೋನು ಇಂಥ ಹೊತ್ತಿನಲ್ಲಿ ಇಂಥ ಪುಟದಲ್ಲಿದೆ ಎಂದು ತಿಳಿಸುತ್ತದೆ. ಅವು ನಮ್ಮ ಫೋನಿನಲ್ಲಿ ಕುಕಿ ಎಂಬ ಚಿಕ್ಕ ಚೀಟಿ ಇಡುತ್ತವೆ. ಈ ಚೀಟಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರು ರೂಪಿಸಿದ್ದು, ಅಂಗಡಿಯ ಬುಟ್ಟಿಯಲ್ಲಿ ನೀವೇನು ಹಾಕಿದಿರಿ ಎಂಬುದು ಪುಟ ಬದಲಾದರೂ ನೆನಪಿರಲಿ ಎಂಬಂಥ ಸಣ್ಣ ಅನುಕೂಲಕ್ಕೆ. ಆಮೇಲೆ ಅದು ಜಾಹೀರಾತಿನವರ ಕೈಗೆ ಹೋಯಿತು. ಇಂದು ನೀವು ನೋಡಿದ ಸೀರೆ ನಾಳೆ ಅಡುಗೆಯ ಪುಟದಲ್ಲಿ ಬರುವುದು ಆ ಚೀಟಿಯಿಂದ. ಪುಟ ತೆರೆದುಕೊಳ್ಳುವ ಕ್ಷಣಾರ್ಧದಲ್ಲಿ ನಿಮಗೆ ಯಾವ ಜಾಹೀರಾತು ತೋರಿಸಬೇಕು ಎಂದು ಹರಾಜು ನಡೆಯುತ್ತದೆ. ಕೂಗುವವರಿಗೆಲ್ಲ ನಿಮ್ಮ ವಿವರ ಹೋಗುತ್ತದೆ. ಕೊಂಡವನು ಒಬ್ಬ, ನೋಡಿದವರು ನೂರು ಜನ. ವಧುಪರೀಕ್ಷೆಯ ಹಾಗೆ ಎಂದರೆ ನಿಮಗೆ ಬೇಗ ಅರ್ಥವಾದೀತು.

ಸೀರೆಯಾದರೆ ಹೋಗಲಿ. ಮುಟ್ಟಿನ ಲೆಕ್ಕ ಇಡುವ ಫ್ಲೋ ಎಂಬ ಆ್ಯಪು ಕೋಟ್ಯಂತರ ಹೆಂಗಸರ ಫೋನಿನಲ್ಲಿದೆ. ಗುಟ್ಟಾಗಿಡುತ್ತೇವೆ ಎಂದು ಮಾತುಕೊಟ್ಟು, ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮೊದಲಾದವರ ವಿಶ್ಲೇಷಣಾ ವಿಭಾಗಗಳಿಗೆ ಹಂಚಿದೆ ಎಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಅದನ್ನು ರಾಜಿಗೆ ತಂದಿತು. 2023ರಲ್ಲಿ ಬೆಟರ್‌ಹೆಲ್ಪ್ ಎಂಬ ಆಪ್ತಸಲಹೆಯ ಕಂಪನಿಗೂ ಅದೇ ಗತಿಯಾಯಿತು. ಮನಸ್ಸಿನ ನೋವು ಹೇಳಿಕೊಳ್ಳಲು ಬಂದವರ ಮಾಹಿತಿಯನ್ನು ಜಾಹೀರಾತಿಗೆ ಬಳಸಿದ್ದಕ್ಕೆ 78 ಲಕ್ಷ ಡಾಲರ್ ತೆರಬೇಕಾಯಿತು. ಆಪ್ತಸಲಹೆ ನಮ್ಮ ಕೆಲಸವೂ ಹೌದು. ನಮ್ಮಲ್ಲೊಬ್ಬಳು ಸಂತ್ರಸ್ತೆಯ ಮಾತನ್ನು ಬೀದಿಯಲ್ಲಿ ಆಡಿದರೆ ಅವಳನ್ನು ಸಂಘಟನೆಯಲ್ಲಿ ಇಟ್ಟುಕೊಳ್ಳುತ್ತೇವೆಯೇ?

ಜೋಪಾನವಾಗಿ ಇಡುತ್ತೇವೆ ಕೊಡು ಎಂದು ಒಡವೆ ಇಸಿದುಕೊಳ್ಳುವ ಅತ್ತೆಯ ಮಾತಿಗೂ ಈ ಕಂಪನಿಗಳ ಮಾತಿಗೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಗಂಡನ ಮನೆಯ ವಶದಲ್ಲಿದ್ದ ಮಾತ್ರಕ್ಕೆ ಅವರದಾಗುವುದಿಲ್ಲ, ನಂಬಿ ಕೊಟ್ಟದ್ದನ್ನು ನುಂಗಿದರೆ ಅದು ಅಪರಾಧ ಎಂದು ಸಾರಿತು. ನಮ್ಮ ಮಾಹಿತಿಯೂ ಅಂಥದೇ. ಇಟ್ಟುಕೊಂಡವರು ಬೇರೆ ಇರಬಹುದು, ಒಡತಿ ನಾವೇ.

ಈಗ ತಡೆಯುವ ದಾರಿಗೆ ಬರುತ್ತೇನೆ. ಜಾಹೀರಾತು ತಡೆಯುವ ತಂತ್ರಾಂಶ ಮಾಡುವ ಕೆಲಸ ಸರಳ. ಅದರ ಬಳಿ ಬೇಹುಗಾರ ವಿಳಾಸಗಳ ಉದ್ದನೆಯ ಪಟ್ಟಿ ಇರುತ್ತದೆ. ಈ ಪಟ್ಟಿಗಳನ್ನು ಬಹುಮಟ್ಟಿಗೆ ಸ್ವಯಂಸೇವಕರೇ ಕಾಪಾಡಿಕೊಂಡು ಬರುತ್ತಾರೆ. ಪುಟ ತೆರೆದಾಗ ನಮ್ಮ ಬ್ರೌಸರು ಆ ವಿಳಾಸಗಳಿಗೆ ಕರೆ ಹೋಗಲು ಹೊರಟರೆ ಇದು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಅಂದರೆ ಜಾಹೀರಾತು ಬಂದ ಮೇಲೆ ಕಣ್ಣು ಮುಚ್ಚಿಕೊಳ್ಳುವುದಲ್ಲ, ನಮ್ಮ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಇವುಗಳಲ್ಲಿ ಹೆಸರಾದದ್ದು ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಎಂಬವರು ಕಟ್ಟಿದ್ದು, ಉಚಿತ, ದೇಣಿಗೆಯನ್ನೂ ಕೇಳುವುದಿಲ್ಲ. ಹೋಲುವ ಹೆಸರಿನವು ಬೇರೆ ಇವೆ, ಪೂರ್ತಿ ಹೆಸರು ನೋಡಿಯೇ ಹಾಕಿಕೊಳ್ಳಿ. ಗೂಗಲ್ ತನ್ನ ಕ್ರೋಮ್ ಬ್ರೌಸರಿನ ನಿಯಮ ಬದಲಿಸಿದ್ದರಿಂದ 2024-25ರಲ್ಲಿ ಇದರ ಪೂರ್ಣರೂಪ ಅಲ್ಲಿ ನಿಂತುಹೋಗಿ, ಶಕ್ತಿ ಕಡಿಮೆಯ ಲೈಟ್ ರೂಪ ಮಾತ್ರ ಉಳಿಯಿತು. ಜಾಹೀರಾತಿನ ಆದಾಯದಲ್ಲೇ ಬೆಳೆದ ಕಂಪನಿಯಿಂದ ಇನ್ನೇನು ನಿರೀಕ್ಷಿಸೋಣ? ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪೂರ್ಣರೂಪ ಕೆಲಸ ಮಾಡುತ್ತದೆ, ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲೂ ಕೂಡ. ಫೋನಿನ ಸೆಟ್ಟಿಂಗ್ಸಿನಲ್ಲಿ ಜಾಹೀರಾತಿನ ಗುರುತುಸಂಖ್ಯೆ ಒಂದಿರುತ್ತದೆ. ಅದನ್ನು ಅಳಿಸಿಹಾಕಬಹುದು.

ಪತ್ರಿಕೆಗಳು ಬದುಕುವುದು ಜಾಹೀರಾತಿನಿಂದಲ್ಲವೇ, ಅದನ್ನು ತಡೆಯುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ನನ್ನ ತಕರಾರು ಜಾಹೀರಾತಿನ ಮೇಲಲ್ಲ. ಗೋಡೆಯ ಮೇಲಿನ ಜಾಹೀರಾತನ್ನು ನಾವು ನೋಡುತ್ತೇವೆ. ಇದು ನಮ್ಮನ್ನು ನೋಡುತ್ತದೆ. ಸಂದೇಹವಿದ್ದವರಿಗೆ ಇನ್ನೊಂದು ಮಾತು: ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತಿನ ವೇಷದಲ್ಲಿ ವಂಚಕರು ಬರುತ್ತಾರೆ, ತಡೆಯುವ ತಂತ್ರಾಂಶ ಬಳಸಿ ಎಂದು 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಜನರಿಗೆ ಸಲಹೆ ಕೊಟ್ಟಿತು.

ಇನ್ನೂ ಮುಂದೆ ಹೋದವರು ಮನೆಯಲ್ಲೇ ಸ್ವಂತ ವ್ಯವಸ್ಥೆ ಇಟ್ಟುಕೊಳ್ಳುತ್ತಾರೆ. ಅಂಗೈಯಗಲದ ರಾಸ್ಪ್ಬೆರಿ ಪೈ ಎಂಬ ಕಂಪ್ಯೂಟರಿನಲ್ಲಿ ಪೈಹೋಲ್ ಎಂಬ ತಂತ್ರಾಂಶ ಹಾಕಿದರೆ, ಮನೆಯ ಫೋನು, ಟೀವಿ ಎಲ್ಲವೂ ಯಾವುದೇ ತಾಣದ ವಿಳಾಸವನ್ನು ಅದರ ಮೂಲಕವೇ ಕೇಳಬೇಕು. ಬೇಹುಗಾರ ತಾಣದ ಹೆಸರು ಬಂದರೆ ಅದು ವಿಳಾಸ ಕೊಡುವುದೇ ಇಲ್ಲ. ಫೋಟೋ, ಕಾಗದಪತ್ರಗಳನ್ನು ಗೂಗಲಿನಲ್ಲಿ ಇಡುವ ಬದಲು ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶದಿಂದ ಸ್ವಂತ ಯಂತ್ರದಲ್ಲೇ ಇಡಬಹುದು. ನಮ್ಮ ಧಾನ್ಯ ನಮ್ಮ ಕಣಜದಲ್ಲಿ ಎಂಬ ಹಾಗೆ. ಕೇಳಲು ಚೆನ್ನಾಗಿದೆ. ಇದನ್ನೆಲ್ಲ ನನಗೆ ಕಲಿಸಿದ ನನ್ನ ತಂಗಿಯ ಮಗ ಹೆಮ್ಮೆಯಿಂದ ತನ್ನ ಮನೆಯ ಪೈಹೋಲ್ ತೆರೆದು ತೋರಿಸಿದ. ಪರದೆಯ ಮೇಲೆ ಒಂದು ಪಟ್ಟಿ. ಯಾವ ಫೋನು, ಎಷ್ಟು ಗಂಟೆಗೆ, ಯಾವ ತಾಣವನ್ನು ಕೇಳಿತು ಎಂದು ಸಾಲುಸಾಲಾಗಿ. "ಇದು ಯಾರ ಫೋನಪ್ಪ?" ಎಂದೆ. "ನನ್ನ ಹೆಂಡತೀದು ದೊಡ್ಡಮ್ಮ" ಎಂದ. ಹೇಳಿದ ಮೇಲೆ ಅವನ ಮುಖವೂ ಸಣ್ಣಗಾಯಿತು. ಅವನು ಒಳ್ಳೆಯ ಹುಡುಗ. ಆ ಪಟ್ಟಿ ಇಡುವುದನ್ನು ಅವತ್ತೇ ನಿಲ್ಲಿಸಿದ. ನಿಲ್ಲಿಸುವ ಅವಕಾಶ ಅದರಲ್ಲಿದೆ. ಆದರೆ ನಿಲ್ಲಿಸಿದವನು ಅವನು, ಅವಳಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು.

ಗೆಳತಿಯರೇ, ನಾನು ಹೇಳಬೇಕೆಂದಿರುವುದು ಇದನ್ನೇ. ಈ ಉಪಕರಣಗಳನ್ನು ಕಟ್ಟಿದವರು ಒಂದು ಮನೆಯನ್ನು ಒಬ್ಬ ಮನುಷ್ಯ ಎಂದು ಭಾವಿಸಿದ್ದಾರೆ. ಹೊರಗಿನ ಕಂಪನಿ ಕಳ್ಳ, ಒಳಗಿನವರೆಲ್ಲ ಒಂದು. ನಮಗೆ ಗೊತ್ತಿರುವ ಮನೆಗಳು ಹಾಗಿಲ್ಲ. ಪೈಹೋಲಿಗೆ ಪುಟದ ಒಳಗಿನ ಮಾತು ಕಾಣುವುದಿಲ್ಲ, ತಾಣದ ಹೆಸರಷ್ಟೇ ಕಾಣುತ್ತದೆ. ಆದರೆ ಹೊಡೆಯುವ ಗಂಡನಿಗೆ ಅಷ್ಟೇ ಸಾಕಲ್ಲವೇ? ನೆಕ್ಸ್ಟ್‌ಕ್ಲೌಡಿನಲ್ಲಿ ಆಡಳಿತದ ಅಧಿಕಾರವಿದ್ದವನು ಮನಸ್ಸು ಮಾಡಿದರೆ ಸಾಮಾನ್ಯವಾಗಿ ಇತರರ ಕಡತವನ್ನೂ ನೋಡಬಹುದು, ಅಳಿಸಲೂಬಹುದು. ಮೈಮೇಲಿನ ಗಾಯದ ಫೋಟೋವನ್ನು ಅವಳು ಅವನ ಕಣಜದಲ್ಲೇ ಇಟ್ಟ ಹಾಗಾಯಿತು. ಹಿಂದೆ ಉಗ್ರಾಣದ ಬೀಗದಕೈ ಗೊಂಚಲು ಯಾರ ಸೊಂಟದಲ್ಲಿದೆ ಎಂಬುದರಿಂದ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯುತ್ತಿತ್ತು. ಇವತ್ತು ಕೇಳಬೇಕಾದ ಪ್ರಶ್ನೆಯೂ ಅದೇ. ಉಪಕರಣ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆಮೇಲಿನ ಮಾತು. ಪಾಸ್‌ವರ್ಡು ಯಾರ ಬಳಿ ಇದೆ?

ನನ್ನ ವಿದ್ಯಾರ್ಥಿನಿಯ ಫೋನಿನಲ್ಲಿ ಯುಬ್ಲಾಕ್ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಹುಡುಕಿದ್ದು ಗಂಡನ ಖಾತೆಯಲ್ಲಿ. ಹುಡುಕಾಟವನ್ನು ಬರೆದುಕೊಂಡದ್ದು ಖಾತೆ ಇಟ್ಟ ಕಂಪನಿ. ಟೀವಿಯಲ್ಲಿದ್ದದ್ದೂ ಅದೇ ಖಾತೆ. ಫೋನಿನ ಪಟ್ಟಿಯನ್ನು ಅಳಿಸಿದರೂ ಖಾತೆಯ ಪಟ್ಟಿ ಉಳಿದಿತ್ತು. ಟೀವಿಗೆ ಗೊತ್ತಾದದ್ದು ಹೀಗೆ.

ಕಾನೂನು ಏನು ಹೇಳುತ್ತದೆ? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಕಾಯ್ದೆ ಮಾಡಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಕಂಪನಿಗಳು ಒಪ್ಪಿಗೆ ಕೇಳಬೇಕು, ಕೇಳಿದರೆ ಅಳಿಸಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಗೃಹಬಳಕೆಗಾಗಿ ಮಾಹಿತಿ ಬಳಸಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಮತ್ತೆ ಹೊಸ್ತಿಲಲ್ಲೇ ನಿಂತ ಕಾನೂನು. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಮಾಡಿದ ಫೋನ್ ಮುದ್ರಣವನ್ನು ವೈವಾಹಿಕ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಇದು ಗಂಡನ ಬೆದರಿಕೆಯನ್ನು ಮುದ್ರಿಸಿಕೊಂಡ ಹೆಂಡತಿಗೂ ನೆರವಾದೀತು, ನಿಜ. ಆದರೆ ಫೋನು, ಹಣ, ತಾಂತ್ರಿಕ ತಿಳಿವಳಿಕೆ ಹೆಚ್ಚಾಗಿ ಯಾರ ಕೈಯಲ್ಲಿವೆ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಕೈಯಲ್ಲೂ ಒಂದು ಕಲಮು ಇದೆ. ಹೆಣ್ಣೊಬ್ಬಳ ಅಂತರ್ಜಾಲ, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದನ್ನು 2013ರ ತಿದ್ದುಪಡಿ ಅಪರಾಧವೆಂದಿತು. ಈಗ ಅದು ನ್ಯಾಯ ಸಂಹಿತೆಯ 78ನೆಯ ಕಲಮು. ಕೆಲವು ವಿನಾಯಿತಿಗಳು ಅಲ್ಲಿವೆ, ಆದರೆ ಗಂಡ ಎಂಬ ಕಾರಣಕ್ಕೆ ವಿನಾಯಿತಿ ಬರೆದಿಲ್ಲ. 2005ರ ಕಾಯ್ದೆಯಲ್ಲಿ ಮಾನಸಿಕ ಹಿಂಸೆಯೂ ದೌರ್ಜನ್ಯವೇ. ಆದ್ದರಿಂದ ಕೌಟುಂಬಿಕ ಘಟನಾ ವರದಿ ಬರೆಯುವಾಗ ಫೋನು ಕಿತ್ತುಕೊಂಡದ್ದು, ಸಂದೇಶ ಓದಿದ್ದು, ಎಲ್ಲಿದ್ದಾಳೆಂದು ಕಣ್ಣಿಟ್ಟದ್ದು, ಇವನ್ನೂ ದಿನಾಂಕ ಹಾಕಿ ಬರೆಯಿರಿ. ಹೊಡೆದದ್ದನ್ನು ಮಾತ್ರ ಬರೆದು ನಿಲ್ಲಿಸಬೇಡಿ.

ಇನ್ನು ನಾಳೆಯಿಂದಲೇ ಮಾಡಬಹುದಾದ ಕೆಲಸ.

ನಿಮ್ಮ ಬಳಿ ಬಂದ ಹೆಣ್ಣುಮಗಳಿಗೆ ಮೊದಲು ಕೇಳಿ: ಫೋನು ಯಾರು ಕೊಡಿಸಿದ್ದು, ಖಾತೆ ಯಾರದು, ಪಾಸ್‌ವರ್ಡು ಇನ್ಯಾರಿಗೆ ಗೊತ್ತು? ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಬೇರೆ ಯಂತ್ರ ಸೇರಿದೆಯೇ ನೋಡಿ. ಆದರೆ ಅವಸರದಲ್ಲಿ ಏನನ್ನೂ ಕಿತ್ತುಹಾಕಬೇಡಿ. ಬೇಹುಗಾರ ಆ್ಯಪು ತಟ್ಟನೆ ನಿಂತರೆ ಅವನಿಗೆ ತಿಳಿಯುತ್ತದೆ, ಏಟು ಅವಳಿಗೆ ಬೀಳುತ್ತದೆ. ಅವಳು ಎಲ್ಲಿ ಉಳಿಯುತ್ತಾಳೆ ಎಂಬುದು ತೀರ್ಮಾನವಾದ ಮೇಲೆ ಆ ಕೆಲಸ. ಅಲ್ಲಿಯವರೆಗೆ ಗುಟ್ಟಿನ ಹುಡುಕಾಟಕ್ಕೆ ಆ ಫೋನು ಬೇಡ. ಗೆಳತಿಯ ಫೋನು, ನಮ್ಮ ಕೇಂದ್ರದ ಕಂಪ್ಯೂಟರು ಬಳಸಲಿ. ಹೊಸ ಖಾತೆಯನ್ನೂ ಅಲ್ಲಿಯೇ ತೆರೆಯಲಿ. ಬ್ರೌಸರಿನ ಗುಪ್ತ ಕಿಟಕಿ ಬೇಹುಗಾರ ಆ್ಯಪನ್ನೂ ತಡೆಯುವುದಿಲ್ಲ, ಮನೆಯ ವೈಫೈ ಮೇಲಿನ ಕಣ್ಣನ್ನೂ ತಡೆಯುವುದಿಲ್ಲ. 181ರ ಸಹಾಯವಾಣಿ ಉಚಿತ, ಆದರೆ ಕರೆ ಮಾಡಿದ ಗುರುತು ಫೋನಿನಲ್ಲಿ ಉಳಿಯುತ್ತದೆ ಎಂಬುದನ್ನೂ ತಿಳಿಸಿ.

ಎರಡನೆಯದು ನಮ್ಮ ಕೇಂದ್ರಗಳ ಬಗ್ಗೆ. ನಮ್ಮ ಕಂಪ್ಯೂಟರುಗಳಲ್ಲಿ ಫೈರ್‌ಫಾಕ್ಸ್ ಮತ್ತು ಯುಬ್ಲಾಕ್ ಒರಿಜಿನ್ ಇರಲಿ. ಹತ್ತು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಅಲ್ಲಿ ಕುಳಿತು ಹುಡುಕುವ ಹೆಣ್ಣಿನ ಕಷ್ಟ ಹರಾಜಿಗೆ ಹೋಗದಿರಲಿ.

ಮೂರನೆಯದು ನಮ್ಮ ಕೇಸು ಪುಸ್ತಕಗಳು. ಹಿಂದೆ ಅವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಈಗ ಅವುಗಳ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ, ಯಾರದೋ ಸ್ವಂತ ಖಾತೆಯಲ್ಲಿ ಕೂರುತ್ತದೆ. ಸ್ವಂತ ಯಂತ್ರದ ನಿಜವಾದ ಪ್ರಯೋಜನ ಇರುವುದು ಇಲ್ಲಿ. ಸಂಘಟನೆಗೊಂದು ಸಣ್ಣ ಯಂತ್ರ, ಅದರಲ್ಲಿ ನೆಕ್ಸ್ಟ್‌ಕ್ಲೌಡ್, ಬೀಗ ಹಾಕಿದ ಕೋಣೆ. ಆದರೆ ಇದು ತಂದಿಟ್ಟು ಮರೆಯುವ ವಸ್ತುವಲ್ಲ. ತಂತ್ರಾಂಶವನ್ನು ಆಗಾಗ ಹೊಸದು ಮಾಡಬೇಕು. ಇನ್ನೊಂದು ಪ್ರತಿ ಬೇರೆ ಕಡೆ, ಗೂಢಲಿಪಿಯಲ್ಲಿ, ಇರಬೇಕು. ಕರೆಂಟು ಹೋದರೆ, ಡಿಸ್ಕು ಕೆಟ್ಟರೆ ಏನು ಎಂದು ಮೊದಲೇ ಯೋಚಿಸಬೇಕು. ನೋಡಿಕೊಳ್ಳುವವರಿಲ್ಲದಿದ್ದರೆ ಹಳೆಯ ಬೀರುವೇ ವಾಸಿ. ಮತ್ತು ದಯವಿಟ್ಟು ಆ ಬೀಗದಕೈಯನ್ನು ಯಾವುದೋ ಕಾರ್ಯಕರ್ತೆಯ ಗಂಡನಿಗೋ ಕಂಪ್ಯೂಟರ್ ಅಂಗಡಿಯ ಹುಡುಗನಿಗೋ ಒಪ್ಪಿಸಬೇಡಿ. ನಮ್ಮಲ್ಲೇ ಇಬ್ಬರು ಕಲಿಯೋಣ. ಜೀಪು ಓಡಿಸಲು ಕಲಿತವರಿದ್ದೇವೆ, ಎಫ್‌ಐಆರ್ ಓದಲು, ಕೋರ್ಟಿನಲ್ಲಿ ನಿಂತು ಮಾತಾಡಲು ಕಲಿತವರಿದ್ದೇವೆ. ಇದೂ ಬರುತ್ತದೆ. ಅರವತ್ತು ದಾಟಿದ ನನಗೇ ಬಂದಿದೆ.

ಆ ಹುಡುಗಿ ಈಗ ಬೇರೆ ಇದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಒಡವೆಯ ಕೇಸು ನಡೆಯುತ್ತಿದೆ. ಮೊದಲ ಸಂಬಳದಲ್ಲಿ ಹಳೆಯದೊಂದು ಫೋನು ಕೊಂಡು ನಮ್ಮ ಮನೆಗೆ ತಂದಳು. ಇಬ್ಬರೂ ಕೂತು ಅವಳದೇ ಹೆಸರಿನಲ್ಲಿ ಖಾತೆ ತೆರೆದೆವು. ಪಾಸ್‌ವರ್ಡು ಹಾಕುವ ಹೊತ್ತಿಗೆ ನಾನು ಎದ್ದು ಅಡುಗೆಮನೆಗೆ ಹೋದೆ. "ಇರಿ ಮೇಡಂ, ನೀವು ನೋಡಿದರೆ ಏನಾಗುತ್ತೆ?" ಎಂದಳು. "ಬೇಡಮ್ಮ, ಅದು ನಿನಗೊಬ್ಬಳಿಗೇ ಗೊತ್ತಿರಲಿ" ಎಂದೆ.

ನಮ್ಮ ಬಳಿ ಬರುವ ಪ್ರತಿಯೊಬ್ಬಳಿಗೂ ಇಷ್ಟು ಮಾಡೋಣ. ಬೀಗದಕೈ ಅವಳ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಬೇರೆ ಕಡೆ ನೋಡೋಣ.